ಟ್ಯಾಂಕಿನ ಗೋಡೆಗೆ ಇಬ್ಬರು ಸಾಕ್ಷಿ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿಯವರೇ, ನನ್ನ ಬಲಕ್ಕೆ ಕುಳಿತಿರುವ ಚರಿತ್ರೆಯ ಟೀಚರ್ ಅವರೇ, ಎಡಕ್ಕೆ ಕುಳಿತು ಆಗಲೇ ನನ್ನ ಮೂಗನ್ನು ಯಾವುದೋ ಕಾಗದದ ಮೇಲೆ ಗೀಚಲು ಶುರುಮಾಡಿರುವ ಚಿತ್ರಕಲೆಯ ಮೇಷ್ಟ್ರೇ, ಪೋಷಕರೇ, ಮಹಡಿಗಳಿಂದ ಇಳಿದು ಬಂದಿರುವ ನಮ್ಮ ಬಡಾವಣೆಯ ನಿವಾಸಿಗಳೇ, ಚಕ್ಕಳಮಕ್ಕಳ ಹಾಕಿ ಕುಳಿತು ಈ ಮನುಷ್ಯನ ಭಾಷಣ ಯಾವಾಗ ಮುಗಿಯುತ್ತದಪ್ಪಾ ಎಂದು ಕಾಯುತ್ತಿರುವ ಮುದ್ದು ವಿದ್ಯಾರ್ಥಿಗಳೇ, ಹಾಗೂ ಕೊನೆಯ ಸಾಲಿನ ಸಭಿಕರೇ. ಕೊನೆಯ ಸಾಲಿನವರನ್ನು ಪ್ರತ್ಯೇಕವಾಗಿ ಕರೆಯಲು ಕಾರಣವಿದೆ. ಬಾಗಿಲಿಗೆ ಅಷ್ಟು ಹತ್ತಿರ ಕುಳಿತೂ ಇನ್ನೂ ಎದ್ದು ಹೋಗಿಲ್ಲವಲ್ಲ, ಅಂಥವರಿಗೆ ವಿಶೇಷ ವಂದನೆ ಸಲ್ಲಬೇಕು.

ಮೊದಲಿಗೆ ಒಂದು ಎಚ್ಚರಿಕೆ. ಮೂರನೇ ಸಾಲಿನ ತುದಿಯಲ್ಲಿ, ಫ್ಯಾನಿನ ಕೆಳಗೆ, ನನ್ನ ಶ್ರೀಮತಿಯವರು ಕುಳಿತಿದ್ದಾರೆ. ನನಗೂ ಅವರಿಗೂ ಒಂದು ಹಳೆಯ ಒಪ್ಪಂದವಿದೆ. ನಾನು ವೇದಿಕೆಯ ಮೇಲೆ ಅತಿಯಾಗಿ ಮಾತಾಡಿದೆ ಎಂದು ಅವರಿಗೆ ಅನ್ನಿಸಿದರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಾರೆ. ನಾನು ಆ ಕ್ಷಣವೇ ವಂದನೆ ಹೇಳಿ ಕೆಳಗಿಳಿಯಬೇಕು. ಕೆಲವು ಸಭೆಗಳಲ್ಲಿ ಅವರು ಒರೆಸಿದ ರಭಸಕ್ಕೆ ಗಾಜು ಸವೆದು ಹೋಗಿದೆಯೇನೋ ಎಂದು ನನಗೆ ಅನುಮಾನ. ಸದ್ಯ ಕನ್ನಡಕ ಮೂಗಿನ ಮೇಲೆಯೇ ಇದೆ. ಹಾಗಾಗಿ ಧೈರ್ಯವಾಗಿ ಮುಂದುವರಿಯುತ್ತೇನೆ.

ಇಂದಿನ ವಿಷಯ ನಾಯಕತ್ವ. ಚಿತ್ರ ಬಿಡಿಸುತ್ತಾ, ಚರಿತ್ರೆ ಕೆದಕುತ್ತಾ, ಊರ ಕೆಲಸ ಮಾಡುತ್ತಾ ಮಕ್ಕಳು ನಾಯಕತ್ವ ಕಲಿಯುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ಈ ವಿಷಯಕ್ಕೆ ನನಗಿಂತ ಯೋಗ್ಯರು ಯಾರಿದ್ದಾರೆ? ಹೀಗೆಂದು ಒಂದೂವರೆ ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಯಾರೂ ಇಲ್ಲ ಎಂದು ನಾನೇ ಉತ್ತರಿಸುತ್ತಿದ್ದೆ. ನಾನು ಬಸ್ ಡಿಪೋದಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ನಾನು ಸೀಟಿ ಊದದೆ ಒಂದು ಬಸ್ಸೂ ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯ ನಂತರ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷನಾದೆ. ಪ್ರತಿ ಸಲವೂ ಅವಿರೋಧ ಆಯ್ಕೆ. ಬೇರೆ ಯಾರೂ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಯಾಕೆ ನಿಲ್ಲುವುದಿಲ್ಲ? ನನ್ನ ಮೇಲಿನ ವಿಶ್ವಾಸದಿಂದ ಎಂದು ನಾನು ತಿಳಿದಿದ್ದೆ. ಶ್ರೀಮತಿಯವರ ಅಭಿಪ್ರಾಯ ಬೇರೆ ಇತ್ತು. ಅದು ಹಾಗಿರಲಿ.

ಒಂದು ದಿನ ಚರಿತ್ರೆಯ ಟೀಚರ್, ಚಿತ್ರಕಲೆಯ ಮೇಷ್ಟ್ರು ಇಬ್ಬರೂ ನಮ್ಮ ಮನೆಗೆ ಬಂದರು. ನಮ್ಮದು ನೆಲಮಹಡಿ, ಯಾರು ಬಂದರೂ ಮೊದಲು ಸಿಗುವ ಬಾಗಿಲು ನಮ್ಮದೇ. ಟೀಚರ್ ಹೇಳಿದರು, "ಸರ್, ಈ ವರ್ಷ ಮಕ್ಕಳಿಗೆ ನಾಯಕತ್ವದ ಪಾಠ ಇದೆ. ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡ್ಸೋಕೆ ನಮಗಿಷ್ಟ ಇಲ್ಲ. ಈ ಬಡಾವಣೇನ ನಿಜವಾಗಿ ನಡೆಸಿದೋರು ಯಾರು ಅಂತ ಮಕ್ಕಳೇ ಮನೆಮನೆಗೆ ಹೋಗಿ ಕೇಳ್ತಾರೆ. ಅವರ ಚಿತ್ರಾನ ನೀರಿನ ಟ್ಯಾಂಕಿನ ಗೋಡೆ ಮೇಲೆ ಬಿಡಿಸ್ತಾರೆ. ಗೋಡೆ ಪಕ್ಕದ ಚರಂಡಿನೂ ಅವರೇ ಸರಿ ಮಾಡಿ, ಅಲ್ಲೊಂದು ಕಲ್ಲುಬೆಂಚು ಹಾಕ್ತಾರೆ. ಗೋಡೆ ಸಂಘದ್ದಲ್ವಾ, ನಿಮ್ಮ ಅನುಮತಿ ಬೇಕು."

ಸಭಿಕರೇ, ಬಡಾವಣೆಯನ್ನು ನಡೆಸಿದವರ ಚಿತ್ರ ಎಂದರೆ ಸಂಘದ ಅಧ್ಯಕ್ಷನ ಮನಸ್ಸಿನಲ್ಲಿ ಏನು ಮೂಡಬೇಕೋ ಅದೇ ಮೂಡಿತು. ಹಿಂದುಮುಂದು ನೋಡದೆ ಅನುಮತಿ ಕೊಟ್ಟೆ. ಕೊಟ್ಟದ್ದು ಮಾತ್ರವಲ್ಲ, ಒಳಗೆ ಹೋಗಿ ನನ್ನ ಮೂರು ಫೋಟೋಗಳನ್ನೂ ತಂದೆ. ಒಂದು ಕುಳಿತದ್ದು, ಒಂದು ನಿಂತದ್ದು, ಒಂದು ರಿಬ್ಬನ್ ಕತ್ತರಿಸುತ್ತಿರುವುದು. "ಯಾವುದು ಗೋಡೆಗೆ ಹೊಂದುತ್ತೋ ನೋಡಿ" ಎಂದೆ. ಮೇಷ್ಟ್ರು ಫೋಟೋಗಳನ್ನು ನೋಡಿದರು, ಟೀಚರ್ ಮೇಷ್ಟ್ರ ಮುಖ ನೋಡಿದರು, ನನ್ನ ಶ್ರೀಮತಿಯವರು ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಅಡುಗೆಮನೆಯಿಂದ ಕೆಮ್ಮಿದ ಸದ್ದು ಬಂತು. ಅದು ಕೆಮ್ಮಲ್ಲ, ನಗು ಎಂದು ನನಗೆ ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು.

ನಗುವುದಕ್ಕೇನಿದೆ ಹೇಳಿ? ಆಸೆ ಯಾರಿಗಿರುವುದಿಲ್ಲ? ನಿವೃತ್ತಿಯಾದ ಎರಡನೇ ವರ್ಷ ನಾನು ಡಿಪೋ ಕಡೆ ಸುಮ್ಮನೆ ಹೋಗಿದ್ದೆ. ಗೇಟಿನಲ್ಲಿ ಹೊಸ ಕಾವಲುಗಾರ. "ಯಾರನ್ನ ನೋಡ್ಬೇಕು?" ಎಂದ. ಯಾರನ್ನು ನೋಡಬೇಕು? ನನ್ನನ್ನೇ ಯಾರಾದರೂ ನೋಡಲಿ ಎಂದು ನಾನು ಹೋಗಿದ್ದು. ದಾರಿ ತಪ್ಪಿ ಬಂದೆ ಎಂದು ಹೇಳಿ ವಾಪಸಾದೆ. ಆವತ್ತಿನಿಂದ ಎಲ್ಲಾದರೂ ಒಂದು ಕಡೆ, ಮಳೆಗೆ ತೊಳೆದು ಹೋಗದ ಹಾಗೆ, ನನ್ನ ಮುಖ ಇರಬೇಕು ಎಂಬ ಆಸೆ ಹತ್ತಿಕೊಂಡಿತ್ತು. ಇದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಇಲ್ಲಿ ಯಾಕೆ ಹೇಳಿದೆನೋ ಗೊತ್ತಿಲ್ಲ, ಮೈಕು ಕೈಗೆ ಸಿಕ್ಕರೆ ನನ್ನದು ಹೀಗೇ.

ಎರಡು ದಿನ ಬಿಟ್ಟು ಮಕ್ಕಳ ದಂಡು ಬಂತು. ಮುಂದಾಳು ಒಬ್ಬ ಹುಡುಗಿ. ಸಣ್ಣ ದನಿ, ಆದರೆ ನಾಲ್ಕನೇ ಮಹಡಿಯವರೆಗೂ ಕೇಳುತ್ತದೆ. ಅದಕ್ಕೇ ಬಡಾವಣೆಯಲ್ಲಿ ಎಲ್ಲರೂ ಅವಳನ್ನು ಪಿಟೀಲು ಎನ್ನುತ್ತಾರೆ. ಅಗೋ, ಮೊದಲ ಸಾಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಾಳಲ್ಲ, ಅವಳೇ. ಪಿಟೀಲು ನನ್ನ ಮೂರು ಫೋಟೋಗಳನ್ನೂ ವಾಪಸು ಕೊಟ್ಟು ಹೇಳಿದಳು, "ಅಂಕಲ್, ನಮ್ಮ ಕ್ಲಾಸಲ್ಲಿ ಒಂದು ನಿಯಮ ಮಾಡಿದೀವಿ. ಗೋಡೆ ಮೇಲೆ ಯಾರೇ ಬರ್ಬೇಕಾದ್ರೂ ಇಬ್ಬರು ಸಾಕ್ಷಿ ಬೇಕು. ಅವರು ಮನೆಯೋರಾಗಿರಬಾರದು. ಈ ವ್ಯಕ್ತಿ ನಮಗೋಸ್ಕರ ಇಂಥ ಕೆಲಸ ಮಾಡಿದ್ದನ್ನ ಕಣ್ಣಾರೆ ನೋಡಿದೀನಿ ಅಂತ ಹೇಳ್ಬೇಕು. ಅವರು ಏನು ನೋಡಿದ್ರೋ ಅದನ್ನಷ್ಟೇ ನಾವು ಬಿಡಿಸ್ತೀವಿ. ನಿಮಗೆ ಸಾಕ್ಷಿ ಯಾರು?"

"ಇಡೀ ಬಡಾವಣೆಯೇ ಸಾಕ್ಷಿ" ಎಂದೆ.

"ಇಡೀ ಬಡಾವಣೆ ಬೇಡ ಅಂಕಲ್, ಇಬ್ಬರು ಸಾಕು" ಎಂದಳು.

ಇಬ್ಬರು! ಎಷ್ಟು ಸಲೀಸು ಎಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಆಗಲೇ ಹೊರಟೆ. ಟ್ಯಾಂಕಿನ ಎದುರಿಗೇ ಕ್ಷೌರದ ಅಂಗಡಿ ಇದೆ. ನನ್ನ ತಲೆ ಇಷ್ಟು ವರ್ಷ ಅವರ ಕೈಯಲ್ಲೇ ಬೋಳಾಗುತ್ತಾ ಬಂದಿದೆ. ವಿಷಯ ಹೇಳಿದೆ. ಅವರು ಕತ್ತರಿ ನಿಲ್ಲಿಸಿ ಯೋಚಿಸಿದರು. ತುಂಬಾ ಹೊತ್ತು ಯೋಚಿಸಿದರು. ಕುರ್ಚಿಯಲ್ಲಿದ್ದ ಗಿರಾಕಿಯೂ ಯೋಚಿಸಿದ. ಆಮೇಲೆ ಅವರ ಮುಖ ಅರಳಿತು. "ಟ್ಯಾಂಕ್ ಬಿರುಕು ಬಿಟ್ಟ ಬೇಸಿಗೆ ನೆನಪಿದ್ಯಾ ಸರ್? ನೀರಿನ ಲಾರಿ ಬಂದ ಕೂಡ್ಲೇ ಜನ ಮುಗಿಬೀಳೋರು, ಅರ್ಧ ನೀರು ರೋಡಿಗೇ ಹೋಗೋದು. ಆವಾಗ ನಿಮ್ಮ ಮನೆಯೋರು ಒಂದು ಕುರ್ಚಿ ತಂದು ಲಾರಿ ಪೈಪಿನ ಮುಂದೆ ಹಾಕ್ಕೊಂಡು ಕೂತ್ಬಿಟ್ರು. ಎಲ್ಲರೂ ಸಾಲಲ್ಲಿ ನಿಲ್ಲಿ, ಆಮೇಲೆ ಏಳ್ತೀನಿ ಅಂದ್ರು. ಡ್ರೈವರ್ ಹಾರ್ನ್ ಹೊಡ್ದ, ಏಳ್ಲಿಲ್ಲ. ಆಹಾ, ಏನು ಧೈರ್ಯ ಸರ್!"

"ಅದು ಅವಳ ವಿಷಯ. ನನ್ನದು?"

"ನೀವಾ? ನೀವು ಡಿಪೋದಲ್ಲಿದ್ರಿ."

ಸಭಿಕರೇ, ಆ ಬೇಸಿಗೆಯಲ್ಲಿ ನನ್ನ ಓದುವ ಕುರ್ಚಿಯ ಕಾಲುಗಳಿಗೆ ದಿನಾ ಕೆಸರು ಮೆತ್ತಿರುತ್ತಿತ್ತು. ಕುರ್ಚಿಯೇನು ವಾಕಿಂಗ್ ಹೋಗುತ್ತದೆಯೇ ಎಂದು ನಾನು ರೇಗಿದ್ದೂ ಉಂಟು. ಅದಕ್ಕೆ ಉತ್ತರ ಕ್ಷೌರದ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಇರಲಿ, ಒಬ್ಬರಲ್ಲದಿದ್ದರೆ ಇನ್ನೊಬ್ಬರು. ನಾಲ್ಕನೇ ಮಹಡಿಗೆ ಹತ್ತಿದೆ. ಅಲ್ಲಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಇದ್ದಾರೆ. ಏದುಸಿರು ಬಿಡುತ್ತಾ ಹೋದ ನನ್ನನ್ನು ಮೊದಲು ಕೂರಿಸಿ ನಾಡಿ ಹಿಡಿದು ನೋಡಿದರು. ಆಮೇಲೆ ನನ್ನ ಪ್ರಶ್ನೆಗೆ ಕಿವಿಗೊಟ್ಟರು. ಅವರೂ ಅದೇ ಬೇಸಿಗೆಗೆ ಹೋಗಿಬಿಟ್ಟರು! "ನೋಡಿ, ಸಾಲು ಮಾಡ್ಸೋದು ದೊಡ್ಡದಲ್ಲ. ಯಾರು ಮುಂದೆ, ಯಾರು ಹಿಂದೆ ಅನ್ನೋದೇ ಜಗಳ. ನಿಮ್ಮ ಮನೆಯವರೇ ತೀರ್ಮಾನ ಮಾಡಿದ್ರು. ನಾಲ್ಕನೇ ಮಹಡಿಯವರು ಹೊತ್ಕೊಂಡು ಹತ್ಬೇಕು, ಅವರು ಮೊದಲು. ಆಮೇಲೆ ಮೂರು, ಎರಡು, ಒಂದು. ನೆಲಮಹಡಿಯವರು ಕೊನೆಗೆ ಅಂತ. ಅವರ ಮನೇನೇ ನೆಲಮಹಡಿ ಅಲ್ವಾ, ಅದಕ್ಕೇ ಯಾರೂ ತಿರುಗಿ ಮಾತಾಡ್ಲಿಲ್ಲ."

ಇಲ್ಲಿ ನಾನು ಒಂದು ಗುಟುಕು ನೀರು ಕುಡಿಯುತ್ತೇನೆ. ಕ್ಷಮಿಸಿ.

ಯಾಕೆಂದರೆ ಆ ಬೇಸಿಗೆ ನನಗೂ ಚೆನ್ನಾಗಿ ನೆನಪಿದೆ. ಡ್ಯೂಟಿ ಮುಗಿಸಿ ಬಂದರೆ ನಮ್ಮ ಮನೆಯ ಡ್ರಮ್ಮು ಅರ್ಧವೇ ತುಂಬಿರುತ್ತಿತ್ತು. "ಯಾಕೆ ಅರ್ಧ?" ಎಂದು ಕೇಳಿದ್ದೆ. "ನಾವು ಸಾಲಲ್ಲಿ ಕೊನೆ" ಎಂದಿದ್ದಳು. "ಲಾರಿ ನಿಲ್ಲೋದೇ ನಮ್ಮ ಬಾಗಿಲ ಮುಂದೆ. ನಾವು ಕೊನೇನಾ? ಯಾವ ಬುದ್ಧಿವಂತರು ಮಾಡಿದ್ದು ಈ ಕ್ರಮಾನ?" ಎಂದು ಹಾರಾಡಿದ್ದೆ. ಅವಳು ರೊಟ್ಟಿಯ ಹಿಟ್ಟು ನಾದುತ್ತಾ, ತಲೆ ಕೂಡ ಎತ್ತದೆ, "ಯಾರೋ ಒಬ್ಬಳು" ಎಂದಿದ್ದಳು. ಆ ಯಾರೋ ಒಬ್ಬಳ ಮೇಲೆ ನಾನು ಅಂದಿನ ಸಂಘಕ್ಕೆ ದೂರು ಕೂಡ ಕೊಟ್ಟಿದ್ದೆ, ಸಭಿಕರೇ. ಆ ಯಾರೋ ಒಬ್ಬಳು ಈಗ ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತು, ಮೇಲ್ಛಾವಣಿ ನೋಡುತ್ತಿದ್ದಾಳೆ.

ನೀವು ನಗಬಹುದು. ನಗಿ, ನಗಿ. ನನಗೆ ಆ ದಿನ ನಗು ಬರಲಿಲ್ಲ. ಕೊನೆಯ ಆಸೆ ಎಂದು ದರ್ಜಿಯವರ ಬಳಿಗೆ ಹೋದೆ. ಅವರ ಅಂಗಡಿಯೂ ಟ್ಯಾಂಕಿನ ಎದುರಿಗೇ ಇದೆ. ಅವರು ಒಳ್ಳೆಯವರು, ನನ್ನನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. "ನೀವು ಭಾಷಣ ಮಾಡಿದ್ದು ನೋಡಿದೀನಿ ಸರ್. ಹೋದ ವರ್ಷ ನೀವು ನಿಂತು ಮುಗಿಸೋದ್ರೊಳಗೆ ನಾನು ಎರಡು ಪ್ಯಾಂಟಿಗೆ ಅಂಚು ಹೊಲಿದಿದ್ದೆ" ಎಂದರು. ನಾನು ಖುಷಿಯಿಂದ ಪಿಟೀಲನ್ನು ಹುಡುಕಿ ಹೇಳಿದೆ. "ಭಾಷಣ ಲೆಕ್ಕಕ್ಕಿಲ್ಲ ಅಂಕಲ್" ಎಂದಳು. ಲೆಕ್ಕಕ್ಕಿಲ್ಲವಂತೆ! ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೇನು?

ಮನೆಗೆ ಬಂದವನು ಮುಖ ಊದಿಸಿಕೊಂಡು ಕುಳಿತೆ. ಶ್ರೀಮತಿಯವರು ಏನಾಯಿತು ಎಂದು ಕೇಳಲಿಲ್ಲ. ಬಡಾವಣೆಯಲ್ಲಿ ಏನಾದರೂ ಅದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ನಾನೇ ಕೇಳಿದೆ, "ನಿನಗೆ ಸಾಕ್ಷಿ ಹೇಳೋಕೆ ಎಷ್ಟು ಜನ ಬಂದಿದ್ರು?"

"ಮಕ್ಕಳು ಸಾಕು ಸಾಕು ಅಂದ್ರಂತೆ" ಎಂದಳು. ಅದನ್ನು ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಅವಳಿಗೆ ನಾಚಿಕೆಯಾದದ್ದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಎದ್ದವನೇ ಟ್ಯಾಂಕಿನ ಬಳಿಗೆ ಹೊರಟೆ. ಯಾತಕ್ಕೆ? ಅನುಮತಿ ವಾಪಸು ಪಡೆಯಲು. ಗೋಡೆ ಸಂಘದ್ದು, ಸಂಘಕ್ಕೆ ಅಧ್ಯಕ್ಷ ನಾನು, ಚಿತ್ರವೂ ಬೇಡ ಗಿತ್ರವೂ ಬೇಡ, ಸುಣ್ಣ ಹೊಡೆಸಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿಯವರೇ, ಗಾಬರಿಯಾಗಬೇಡಿ. ಈ ವಿಷಯ ನಿಮಗೆ ಈಗಷ್ಟೇ ತಿಳಿಯುತ್ತಿದೆ ಎಂದು ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ.

ಅಲ್ಲಿ ನೋಡಿದರೆ, ಅರ್ಧ ಮಕ್ಕಳು ಚರಂಡಿಯಲ್ಲಿ, ಅರ್ಧ ಮಕ್ಕಳು ಬಣ್ಣದಲ್ಲಿ. ಮೇಷ್ಟ್ರು ಆ ತುದಿಯಲ್ಲಿ ಯಾರಿಗೋ ಕೈ ಬರೆಯುವುದು ಹೇಗೆಂದು ತೋರಿಸುತ್ತಿದ್ದಾರೆ. ಈ ತುದಿಯಲ್ಲಿ ಏಣಿಯ ಮೇಲೆ ಪಿಟೀಲು. ಟ್ಯಾಂಕಿನ ಬುಡದ ನೆಲ ಇಳಿಜಾರು ಎಂಬುದು ನಿಮಗೆಲ್ಲ ಗೊತ್ತು. ಏಣಿ ಕುಂಟುತ್ತಿದೆ. ನಾನು ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಸಂಘದ ಅಧ್ಯಕ್ಷನಾಗಿ..." ಎಂದು ಶುರುಮಾಡಿದೆ. ಅವಳು ಕೆಳಗೆ ನೋಡದೆ, "ಅಂಕಲ್, ಒಂಚೂರು ಏಣಿ ಹಿಡ್ಕೊಳಿ" ಎಂದಳು.

ಹಿಡಿದುಕೊಂಡೆ. ಏನು ಮಾಡಲಿ, ಮಗು ಮೇಲಿದೆ. ಹಿಡಿದುಕೊಂಡ ಮೇಲೆ ನನಗೊಂದು ವಿಷಯ ಅರ್ಥವಾಯಿತು. ಕೈಯಲ್ಲಿ ಏಣಿ ಇದ್ದಾಗ ಯಾರನ್ನೂ ಬೈಯಲು ಆಗುವುದಿಲ್ಲ. ಬೈಯಲು ಕೈ ಆಡಿಸಬೇಕು, ಬೆರಳು ತೋರಿಸಬೇಕು. ಕೈ ಬಿಟ್ಟರೆ ಹುಡುಗಿ ಬೀಳುತ್ತಾಳೆ. ಹಾಗಾಗಿ ನನ್ನ ಭಾಷಣವನ್ನು ನುಂಗಿಕೊಂಡು, ಮೇಲಿನಿಂದ ತೊಟ್ಟಿಕ್ಕಿದ ಹಳದಿ ಬಣ್ಣವನ್ನು ಬೋಳುತಲೆಯ ಮೇಲೆ ಹಾಕಿಸಿಕೊಂಡು ನಿಂತೆ. ಸಂಜೆ ಹೊರಡುವಾಗ ಪಿಟೀಲು, "ನಾಳೆ ಬೇಗ ಬನ್ನಿ ಅಂಕಲ್" ಎಂದಳು. ಬಾ ಎಂದು ನನ್ನನ್ನು ಯಾರಾದರೂ ಕರೆದು ಎಷ್ಟು ದಿನವಾಗಿತ್ತು! ಹೋದೆ. ಅದರ ಮರುದಿನವೂ ಹೋದೆ. ಮಳೆ ಬಂದ ದಿನವೂ ಹೋಗಿ, ಯಾರೂ ಇಲ್ಲದ್ದನ್ನು ಕಂಡು, ಏಣಿಯನ್ನು ಒಳಗಿಟ್ಟು ಬಂದೆ.

ಏಣಿ ಹಿಡಿದು ನಿಂತವನಿಗೆ ಬೇರೆ ಕೆಲಸವಿಲ್ಲ, ಕಿವಿಗೆ ಮಾತ್ರ ಕೆಲಸ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಗೋಡೆಗೆ ತಿದ್ದುಪಡಿ ಹೇಳುವವರೇ. "ಲಾರಿ ನೀಲಿ ಬಣ್ಣದ್ದಲ್ಲಪ್ಪಾ, ಹಸಿರು." "ಸಾಲು ಇಷ್ಟು ಉದ್ದ ಇರ್ಲಿಲ್ಲ." "ಇತ್ತು, ನೀವು ಆವಾಗ ಊರಲ್ಲಿರ್ಲಿಲ್ಲ." ಮಕ್ಕಳು ತಾಳ್ಮೆಯಿಂದ ಕೇಳುತ್ತಿದ್ದರು. ಇಬ್ಬರು ಒಂದೇ ಮಾತು ಹೇಳಿದರೆ ಒರೆಸಿ ಮತ್ತೆ ಬಿಡಿಸುತ್ತಿದ್ದರು. ಒಂದು ಮಧ್ಯಾಹ್ನ ಲಾರಿಯ ಬಣ್ಣದ ವಿಷಯಕ್ಕೆ ಹುಡುಗರ ನಡುವೆಯೇ ದೊಡ್ಡ ಜಗಳವಾಯಿತು. ಹಿಂದಿನ ದಿನವಷ್ಟೇ ನೀಲಿ ಬಳಿದಿದ್ದವನು ಕುಂಚ ಎಸೆದು ಹೋಗಿಬಿಟ್ಟ. ಪಿಟೀಲು ಏಣಿಯಿಂದ ಇಳಿದಳು. ನಾನು, ಈಗ ನೋಡಿ ಸೀಟಿ ಊದುತ್ತಾಳೆ ಎಂದುಕೊಂಡೆ. ಅವಳು ಆ ಹುಡುಗನ ಕುಂಚ ಎತ್ತಿಕೊಂಡಳು, ತೊಳೆದಳು, ಹಸಿರು ಬಣ್ಣ ಕಲಸಿದಳು, ಒಂದು ಚಕ್ರದಷ್ಟು ಬಳಿದಳು, ಆಮೇಲೆ ಅವನಿದ್ದ ಕಡೆ ಹೋಗಿ ಕುಂಚ ಕೊಟ್ಟು, "ಬಾ, ನನಗೆ ನಿನ್ನಷ್ಟು ನೀಟಾಗಿ ಬರ್ತಿಲ್ಲ" ಎಂದಳು. ಅವನು ಬಂದ. ಸೀಟಿಯಿಲ್ಲದೆ ಬಸ್ಸು ಹೊರಟಿತು. ಡಿಪೋದಲ್ಲಿ ನನಗೆ ಇದನ್ನು ಯಾರೂ ಕಲಿಸಲಿಲ್ಲವಲ್ಲ ಎಂದು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಕೊನೆಯ ಕೆಲವು ದಿನ, ಮುಖಗಳನ್ನು ಬಿಡಿಸುವಾಗ, ಮಕ್ಕಳು ಗೋಡೆಗೆ ಬಟ್ಟೆ ಕಟ್ಟಿ ನನ್ನನ್ನೂ ಹತ್ತಿರ ಸೇರಿಸಿರಲಿಲ್ಲ. ಇಂದು ಬೆಳಿಗ್ಗೆ ಆ ಬಟ್ಟೆ ಸರಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ನಾನು ಎಡತುದಿಯಿಂದ ಶುರುಮಾಡಿ ಒಂದೊಂದೇ ಮುಖ ನೋಡುತ್ತಾ ಬಂದೆ. ನರ್ಸಮ್ಮ ಇದ್ದಾರೆ, ಮಗುವೊಂದಕ್ಕೆ ಚುಚ್ಚುಮದ್ದು ಕೊಡುತ್ತಿದ್ದಾರೆ. ಬಾವಿಗೆ ಬಿದ್ದ ನಾಯಿಯನ್ನು ಎತ್ತಿದ ಬೇಕರಿಯವರು ಇದ್ದಾರೆ. ನಟ್ಟನಡುವೆ ಹಸಿರು ಲಾರಿ. ಅದರ ಪೈಪಿನ ಮುಂದೆ, ನನ್ನ ಓದುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ನನ್ನ ಹೆಂಡತಿ. ಕುರ್ಚಿಯ ಕಾಲಿಗೆ ಕೆಸರನ್ನೂ ಬಿಡಿಸಿದ್ದಾರೆ. ನೋಡುತ್ತಾ ನೋಡುತ್ತಾ ಬಲತುದಿಗೆ ಬಂದೆ. ಗೋಡೆ ಮುಗಿಯಿತು. ನನ್ನ ಮುಖ ಎಲ್ಲೂ ಇರಲಿಲ್ಲ. ನಿಯಮ ಗೊತ್ತಿದ್ದೂ ನನಗೆ ನೋವಾಯಿತು. ಸುಳ್ಳು ಯಾಕೆ ಹೇಳಲಿ?

ಆಗ ಕ್ಷೌರದವರು ಹಿಂದಿನಿಂದ ಕೂಗಿದರು, "ಸರ್, ಲಾರಿ ಪಕ್ಕದಲ್ಲಿ ನೋಡಿ! ಆ ತಲೆ ನನ್ನ ಕೆಲಸ!" ದರ್ಜಿಯವರು, "ಆ ಅಂಗಿಯ ಭುಜ ನಂದು!" ಎಂದರು. ನೋಡಿದೆ. ಕುರ್ಚಿಯಿಂದ ಎರಡು ಹೆಜ್ಜೆ ಈಚೆಗೆ, ಒಬ್ಬ ಮನುಷ್ಯ ಏಣಿ ಹಿಡಿದು ನಿಂತಿದ್ದಾನೆ. ಬೋಳುತಲೆ, ತಲೆಯ ಮೇಲೆ ಒಂದು ತೊಟ್ಟು ಹಳದಿ ಬಣ್ಣ. ಮುಖ ಇಲ್ಲ. ಬರೀ ಬೆನ್ನು.

"ಇದೇನಮ್ಮಾ?" ಎಂದು ಪಿಟೀಲನ್ನು ಕೇಳಿದೆ.

"ಇಬ್ಬರು ಸಾಕ್ಷಿ ಸಿಕ್ಕಿದ್ರು ಅಂಕಲ್, ಕ್ಷೌರದ ಮಾಮ, ದರ್ಜಿ ಮಾಮ. ಇಬ್ರೂ ಅಂಗಡಿಯಿಂದ ದಿನಾ ನಿಮ್ಮನ್ನ ನೋಡಿದಾರೆ. ಆದ್ರೆ ಅಲ್ಲಿಂದ ಅವರಿಗೆ ಕಂಡಿದ್ದು ಬೆನ್ನು. ನೋಡಿದ್ದನ್ನಷ್ಟೇ ಬಿಡಿಸ್ಬೇಕಲ್ವಾ?"

ಮೂರು ಮೂರು ಫೋಟೋ ಕೊಟ್ಟವನಿಗೆ ಬೆನ್ನು! ನಾನು ಪಕ್ಕದಲ್ಲಿದ್ದ ಶ್ರೀಮತಿಯವರ ಕಡೆ ತಿರುಗಿ, "ನೋಡಿದ್ಯಾ?" ಎಂದೆ. ಅವಳು ಕತ್ತು ಓರೆ ಮಾಡಿ ನಿಧಾನವಾಗಿ ನೋಡಿದಳು. "ಚೆನ್ನಾಗಿ ಹೋಲುತ್ತೆ ಕಣ್ರೀ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ನಾನು ನೋಡಿದ್ದೂ ಇದನ್ನೇ" ಎಂದಳು.

ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಹೋಗಿ, ಈ ಸಭೆಗೆಂದು ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು, ಬಿಚ್ಚಿ ಮತ್ತೆ ಹಾಕಿಕೊಂಡೆ. ಅವಳು ತಮಾಷೆಗೆ ಹೇಳಿದ್ದು. ಆದರೆ ಮಕ್ಕಳ ನಿಯಮದ ಪ್ರಕಾರ ಅದೂ ಕಣ್ಣಾರೆ ಕಂಡದ್ದೇ ಅಲ್ಲವೇ?

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ, ಮುಖ್ಯೋಪಾಧ್ಯಾಯಿನಿಯವರು ಬೇಸರ ಮಾಡಿಕೊಳ್ಳಬಾರದು. ಇಂದಿನ ಈ ಭಾಷಣಕ್ಕೆ ಶಾಲೆಯವರು ಮೊದಲು ಕರೆದದ್ದು ನನ್ನನ್ನಲ್ಲ, ಅವಳನ್ನು. "ನನಗೆ ನಿಂತು ಮಾತಾಡೋಕೆ ಬರಲ್ಲ, ಅವರನ್ನ ಕರೀರಿ, ಖುಷಿ ಪಡ್ತಾರೆ" ಎಂದಳಂತೆ. ಚರಿತ್ರೆಯ ಟೀಚರ್ ಬಾಯಿತಪ್ಪಿ ಈಗಷ್ಟೇ, ಈ ಮೆಟ್ಟಿಲು ಹತ್ತುವಾಗ ಹೇಳಿದರು. ಅಂದರೆ ಇಲ್ಲಿ ಕೂಡ ನನ್ನನ್ನು ಸಾಲಿನಲ್ಲಿ ಮುಂದೆ ಬಿಟ್ಟು ಅವಳು ಕೊನೆಗೆ ನಿಂತಿದ್ದಾಳೆ.

ಆದ್ದರಿಂದ ನಾನು ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಅದರಲ್ಲಿ ನಾಯಕನ ಲಕ್ಷಣಗಳನ್ನು ಒಂದು, ಎರಡು ಎಂದು ಪಟ್ಟಿ ಮಾಡಿದ್ದೆ, ನೀವು ಬದುಕಿಕೊಂಡಿರಿ. ಅದರ ಬದಲು ನಾನು ಅವಳಿಗೆ ಒಂದು ಸಾಕ್ಷಿ ಹೇಳೋಣ ಎಂದು ಈ ಮೈಕಿನ ಮುಂದೆ ಬಂದೆ. ಮನೆಯವರ ಸಾಕ್ಷಿ ನಡೆಯುವುದಿಲ್ಲ, ಗೊತ್ತು. ಭಾಷಣ ಲೆಕ್ಕಕ್ಕಿಲ್ಲ, ಅದೂ ಗೊತ್ತು. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಸಾಕ್ಷಿ ಕಣ್ಣಾರೆ ನೋಡಿರಬೇಕು. ನಾನು ಏನು ನೋಡಿದ್ದೇನೆ? ಅರ್ಧ ತುಂಬಿದ ಡ್ರಮ್ಮನ್ನು ನೋಡಿದ್ದೇನೆ. ಅದು ಹೇಗೆ ತುಂಬಿತು ಎಂಬುದನ್ನು ನೋಡಿಲ್ಲ. ಕೆಸರಾದ ಕುರ್ಚಿಯನ್ನು ನೋಡಿದ್ದೇನೆ. ಕುಳಿತವಳನ್ನು ನೋಡಿಲ್ಲ. ಬಡಾವಣೆಯಲ್ಲಿ ಎಲ್ಲರೂ ಅವಳಿಗೆ ಸಾಕ್ಷಿಯಾಗಬಲ್ಲರು, ನನ್ನೊಬ್ಬನನ್ನು ಬಿಟ್ಟು.

ಆದರೆ ಮಕ್ಕಳೇ, ನೀವು ಬಿಡಿಸಿದ ಆ ಚಿತ್ರವನ್ನು ನಾನು ಇನ್ನೊಮ್ಮೆ ಹೋಗಿ ನೋಡಿ ಬಂದೆ. ಏಣಿ ಹಿಡಿದವನ ಬೆನ್ನು ದಾರಿಯ ಕಡೆಗಿದೆ, ನಿಜ. ಹಾಗಾದರೆ ಅವನ ಮುಖ ಯಾವ ಕಡೆಗಿದೆ? ಕುರ್ಚಿಯ ಕಡೆಗಿದೆ. ಅವನು ಅವಳನ್ನು ನೋಡುತ್ತಾ ನಿಂತಿದ್ದಾನೆ. ನನಗೆ ಅಷ್ಟು ಸಾಕು. ಆ ಮೂರು ಫೋಟೋಗಳನ್ನು ಮತ್ತೆ ಯಾರಿಗೂ ಕೊಡುವುದಿಲ್ಲ.

ಇನ್ನೂ ಎರಡು ಮಾತು ಇತ್ತು, ಆದರೆ ಮೂರನೇ ಸಾಲಿನಲ್ಲಿ ಕನ್ನಡಕ ಕೆಳಗಿಳಿದಿದೆ. ಒರೆಸುತ್ತಿದ್ದಾಳೆ. ಒಪ್ಪಂದ ಎಂದರೆ ಒಪ್ಪಂದ, ನಿಲ್ಲಿಸುತ್ತೇನೆ. ಆದರೆ ಯಾವತ್ತೂ ಗಾಜನ್ನು ಒರೆಸುತ್ತಿದ್ದವಳು ಇವತ್ತು ಗಾಜನ್ನು ಮಡಿಲಲ್ಲಿಟ್ಟು ಕಣ್ಣನ್ನು ಒರೆಸಿಕೊಳ್ಳುತ್ತಿದ್ದಾಳೆ. ಇದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ, ಸಭಿಕರೇ. ಇದಕ್ಕೆ ನಾನು ಸಾಕ್ಷಿ.

ನನ್ನನ್ನು ಸಹಿಸಿಕೊಂಡ ವೇದಿಕೆಗೂ, ಏಣಿ ಕೊಟ್ಟ ಮಕ್ಕಳಿಗೂ, ಬಾಗಿಲು ಹತ್ತಿರವಿದ್ದರೂ ಕೊನೆಯವರೆಗೂ ಕುಳಿತ ಕೊನೆಯ ಸಾಲಿನವರಿಗೂ ವಂದನೆಗಳು. ಮೂರನೇ ಸಾಲಿನ ವಂದನೆಯನ್ನು ಮನೆಗೆ ಹೋಗಿ, ಎದುರಿಗೆ ನಿಂತು ಹೇಳುತ್ತೇನೆ. ಎಲ್ಲರಿಗೂ ನಮಸ್ಕಾರ.